ಇನ್ಸಾಫ್ ಅಬ್ಲಾ ಟೈಪ್ ಮಾಡದ ಪದ

ದಮ್ಯಾತ್ ಊರಿನವರಾದ ನಮಗೆ ಎರಡು ಹೆಸರು ಅಂಟಿಕೊಂಡಿವೆ. ಮರಗೆಲಸದಲ್ಲಿ ಗಟ್ಟಿಗರು, ಖರ್ಚಿನಲ್ಲಿ ಜುಗ್ಗರು. ಮನೆಗೆ ಬಂದ ನೆಂಟರನ್ನು ನಾವು "ಊಟ ಮಾಡ್ತೀರೋ, ಇಲ್ಲ ಹಗುರವಾಗಿ ಮಲಗ್ತೀರೋ?" ಎಂದು ಕೇಳುತ್ತೇವಂತೆ. ಕೈರೋದವರು ಹೇಳಿಕೊಂಡು ನಗುವ ಮಾತು ಅದು. ನಗಲಿ, ನಮ್ಮ ಗಂಟೇನೂ ಹೋಗುವುದಿಲ್ಲ. ಆದರೆ ನಮ್ಮ ನರ್ಸಿಂಗ್ ಸಂಸ್ಥೆಯ ಲೈಬ್ರರಿಯಲ್ಲಿದ್ದ ಇನ್ಸಾಫ್ ಅಬ್ಲಾ ಪದಗಳ ವಿಷಯದಲ್ಲೂ ಅಪ್ಪಟ ದಮ್ಯಾತ್‌ನವರು. ಹುಡುಕುವ ಪೆಟ್ಟಿಗೆಯಲ್ಲಿ ಯಾರಾದರೂ ಒಂದು ಪದ ಹೆಚ್ಚಿಗೆ ಹಾಕಿದರೆ ಅವರ ಹೊಟ್ಟೆ ಉರಿಯುತ್ತಿತ್ತು.

ನಾನು ವಿದಾದ್. ಅದೇ ಲೈಬ್ರರಿಯಲ್ಲಿ ಪುಸ್ತಕ ಕೊಡುವ, ವಾಪಸು ತೆಗೆದುಕೊಳ್ಳುವ ಮೇಜು ನನ್ನದು. ಅಬ್ಲಾ ಎಂದರೆ ನಮ್ಮಲ್ಲಿ ಅಕ್ಕ; ಅವರು ನನಗಿಂತ ದೊಡ್ಡವರು, ಕೆಲಸದಲ್ಲಿ ನನ್ನ ಮೇಲಿನವರು, ನನ್ನ ಸಿಟ್ಟನ್ನು ತಡೆದುಕೊಂಡ ಏಕೈಕ ಹೆಂಗಸು. ಅವರಪ್ಪ ಕುರ್ಚಿಕಾಲು ಕಡೆಯುತ್ತಿದ್ದ ಬಡಗಿ. ಅಬ್ಲಾ ಕೆಲಸಕ್ಕೆ ಸೇರಿದಾಗ ಪುಸ್ತಕಗಳ ವಿವರವೆಲ್ಲ ಕಾರ್ಡುಗಳಲ್ಲಿ, ಕಾರ್ಡುಗಳೆಲ್ಲ ಮರದ ಖಾನೆಗಳಲ್ಲಿ ಇರುತ್ತಿದ್ದವು. ಆಮೇಲೆ ಕಂಪ್ಯೂಟರ್ ಬಂತು. ಉಳಿದವರು ಅದನ್ನು ಕಂಡು ಹಿಂದೆ ಸರಿದರು, ಇವರು ಮುಂದೆ ಹೋದರು. ಇದ್ದ ಅಷ್ಟೂ ಪುಸ್ತಕಗಳನ್ನು ಒಬ್ಬರೇ ಕೂತು ಅದರೊಳಗೆ ಇಳಿಸಿದರು. ಗಂಡ ತೀರಿಹೋದ ವರ್ಷವೂ ರಜೆ ಹಾಕಲಿಲ್ಲ.

ಪ್ರತಿ ವರ್ಷ ಹೊಸದಾಗಿ ಸೇರಿದವರಿಗೆ ಹುಡುಕುವುದನ್ನು ಕಲಿಸುವುದು ಅವರದೇ ಕೆಲಸ. ಮಹಡಿಯ ಹಾಲಿನಲ್ಲಿ ಕಂಪ್ಯೂಟರಿನ ಪರದೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟು, ಒಬ್ಬೊಬ್ಬರನ್ನೇ ಕರೆದು ಟೈಪ್ ಮಾಡಿಸುತ್ತಿದ್ದರು. ಕೆಳಗೆ ಕೂತ ನನಗೂ ಅವರ ದನಿ ಕೇಳುತ್ತಿತ್ತು, ಅಷ್ಟು ಗಂಟಲು. ಒಮ್ಮೆ ಒಬ್ಬ ಹುಡುಗ, ಸಕ್ಕರೆ ಕಾಯಿಲೆ ಇರುವವರ ಕಾಲಿನ ಹುಣ್ಣನ್ನು ಹೇಗೆ ನೋಡಿಕೊಳ್ಳಬೇಕು ದಯವಿಟ್ಟು ತಿಳಿಸಿ ಎಂದು ಬರೆದುಬಿಟ್ಟ.

"ಏನಪ್ಪಾ, ಇದೇನು ನಿನ್ನ ಸೋದರಮಾವನಾ, ದಯವಿಟ್ಟು ಅಂತ ಗೋಗರೆಯೋಕೆ?" ಎಂದರು ಅಬ್ಲಾ. "ಮೂಳೆ ಮಾತ್ರ ಇಡು. ಸಕ್ಕರೆ ಕಾಯಿಲೆ, ಕಾಲು, ಹುಣ್ಣು. ಮಿಕ್ಕಿದ್ದೆಲ್ಲ ಕೊಬ್ಬು. ಈಗ ಹುಣ್ಣಿಗೆ ಇನ್ನೇನೇನು ಹೆಸರಿದೆ ಹೇಳು. ಡಾಕ್ಟರ್ ಒಂದು ಹೆಸರಿಡ್ತಾನೆ, ಪತ್ರಿಕೆಯವನು ಒಂದು, ನಿಮ್ಮಜ್ಜಿ ಒಂದು. ಎಲ್ಲಾ ಬರ್ಕೊಂಡು ಮಧ್ಯೆ 'ಅಥವಾ' ಹಾಕು. ರಾಶಿ ಬಿತ್ತಾ? ಆಗ 'ಮತ್ತು' ಹಾಕಿ ಊರಿನ ಹೆಸರು ಸೇರಿಸು, ರಾಶಿ ಇಳಿಯುತ್ತೆ. ಒಂದು ಒಳ್ಳೇದು ಸಿಕ್ತಾ? ಅದರ ಕೆಳಗೆ ವಿಷಯಪದ ಅಂತ ಕೊಟ್ಟಿರ್ತಾರೆ, ಅದನ್ನ ಕದ್ದು ಮತ್ತೆ ಹುಡುಕು. ಆಮೇಲೆ ಅದರ ಕೊನೇ ಪುಟಕ್ಕೆ ಹೋಗು, ಬರೆದವನು ಯಾರ್ಯಾರನ್ನ ಓದಿದ್ದಾನೆ ನೋಡು. ಇಷ್ಟೇ ವಿದ್ಯೆ. ಇಷ್ಟಕ್ಕೇ ನನಗೆ ಸಂಬಳ ಕೊಡ್ತಾರೆ."

ಇನ್ನೊಮ್ಮೆ ಒಬ್ಬಳು ಹುಡುಗಿ 'ಆ ಕಾಯಿಲೆ' ಎಂದಷ್ಟೇ ಬರೆದಳು. ನಮ್ಮಲ್ಲಿ ಅದರ ಹೆಸರನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ, ಹೇಳಿದರೆ ಮನೆಗೇ ಬರುತ್ತದೆ ಎನ್ನುವ ಹಾಗೆ.

"ಆ ಕಾಯಿಲೆ ಅಂದ್ರೆ ಯಾವ ಕಾಯಿಲೆ ಮಗಳೇ? ನಿಮ್ಮಜ್ಜಿ ಕಣ್ಸನ್ನೆ ಮಾಡಿದ್ರೆ ನಿಮ್ಮಮ್ಮನಿಗೆ ಅರ್ಥ ಆಗುತ್ತೆ. ಈ ಡಬ್ಬಕ್ಕೆ ಕಣ್ಣೂ ಇಲ್ಲ, ಅಜ್ಜೀನೂ ಇಲ್ಲ. ಕ್ಯಾನ್ಸರ್ ಅಂತ ಬರಿ."

"ದೇವರು ದೂರ ಇಡಲಿ ಅಬ್ಲಾ."

"ಇಡಲಿ. ಆದ್ರೆ ನೀನು ಬರಿ. ಪುಸ್ತಕಕ್ಕೆ ನಾಚಿಕೆ ಇಲ್ಲ."

ಪುಸ್ತಕಕ್ಕೆ ನಾಚಿಕೆ ಇಲ್ಲ ಎನ್ನುವುದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು. ಮಕ್ಕಳು ಅದನ್ನು ಅವರ ದನಿಯಲ್ಲೇ ಅಣಕಿಸುತ್ತ ಮೆಟ್ಟಿಲು ಇಳಿಯುತ್ತಿದ್ದರು.

ಇಂಥ ಹೆಂಗಸು ತನ್ನ ಮೈಯ ಒಂದು ತೊಂದರೆಯನ್ನು ಮಗ ಹುಟ್ಟಿದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡು ಅನುಭವಿಸುತ್ತಿದ್ದರು ಎಂದರೆ ನಂಬುವುದು ಕಷ್ಟ. ಆಗ ನನಗೂ ಗೊತ್ತಿರಲಿಲ್ಲ, ಆದರೆ ಓದುವವರನ್ನು ಸತಾಯಿಸುವುದು ನನಗೆ ಹಿಡಿಸದು, ಈಗಲೇ ಹೇಳಿಬಿಡುತ್ತೇನೆ. ಅವರ ಗರ್ಭಕೋಶ ಜಾರಿತ್ತು. ಭಾರ ಎತ್ತಿದರೆ, ಕೆಮ್ಮಿದರೆ, ಜೋರಾಗಿ ನಕ್ಕರೆ ಬಟ್ಟೆ ಒದ್ದೆಯಾಗುತ್ತಿತ್ತು. ಅತ್ತೆಗೆ ಒಮ್ಮೆ ಹೇಳಿದ್ದರಂತೆ. "ಹೆಂಗಸರ ದಣಿವು ಕಣೆ, ಎಲ್ಲರಿಗೂ ಇರುತ್ತೆ, ನೀರಿನ ಕೊಡ ಎತ್ತಬೇಡ" ಎಂದು ಅತ್ತೆ ಮಾತು ಮುಗಿಸಿದ್ದರು. ಅಲ್ಲಿಂದ ಅದು ಹೆಂಗಸರ ದಣಿವಾಗಿಯೇ ಉಳಿಯಿತು. ಬೇಸಿಗೆಯಲ್ಲೂ ಕಪ್ಪು ಬಟ್ಟೆ, ಮೂಗಿಗೆ ಬಡಿಯುವಷ್ಟು ಅತ್ತರು. ಮಧ್ಯಾಹ್ನದ ನಮಾಜಿಗೆ ನಾವೆಲ್ಲ ಒಟ್ಟಿಗೆ ನಿಂತರೆ ಇವರು ಮಂಡಿನೋವು ಎಂದು ಮನೆಗೆ ಹೋಗಿಯೇ ಮಾಡುತ್ತಿದ್ದರು. ನಾವು ನಂಬಿದೆವು. ಐವತ್ತು ದಾಟಿದ ಹೆಂಗಸಿಗೆ ಮಂಡಿನೋವು ಎಂದರೆ ಯಾರು ತಾನೇ ನಂಬುವುದಿಲ್ಲ?

ಆ ವರ್ಷ ರಂಜಾನಿಗೆ ಎರಡು ತಿಂಗಳ ಮುಂಚೆ, ರಜಬ್ ತಿಂಗಳಲ್ಲಿ, ಅವರ ತಮ್ಮ ಲುತ್ಫಿ ಸೌದಿಯ ಜಿದ್ದಾದಿಂದ ಫೋನ್ ಮಾಡಿದ. ಅಲ್ಲಿ ಅವನಿಗೆ ಒಳ್ಳೆಯ ಕೆಲಸ. "ಅಕ್ಕಾ, ಎಲ್ಲಾ ವ್ಯವಸ್ಥೆ ಮಾಡಿದ್ದೀನಿ, ರಂಜಾನಿಗೆ ಮುಂಚೆ ಬಂದು ಮಕ್ಕಾದಲ್ಲಿ ಉಮ್ರಾ ಯಾತ್ರೆ ಮುಗಿಸ್ಕೊಂಡು ಹೋಗು" ಎಂದ. ಮಕ್ಕಾ ನೋಡಬೇಕೆಂದು ಹುಡುಗಿಯಾಗಿದ್ದಾಗಿನಿಂದ ಹಂಬಲಿಸಿದವರು ಅಬ್ಲಾ. ನಾನು ಮಶಬ್ಬಕ್ ಸಿಹಿ ತಂದು ಎಲ್ಲರಿಗೂ ಹಂಚಿದೆ. ಅವರು ಒಂದು ಚೂರು ಬಾಯಿಗೆ ಹಾಕಿಕೊಂಡು, "ಹೋಗೋದು ಅನುಮಾನ ವಿದಾದ್, ಮಂಡಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಕಾಲಿಲ್ಲದವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕಾಬಾ ಸುತ್ತಿಸುತ್ತಾರೆ, ಇವರದೇನು ಮಂಡಿ!

ಅದೇ ವಾರ ಶುರೂಕ್ ಬಂದಳು. ಕಫ್ರ್ ಸಾದ್ ಕಡೆಯ ಹಳ್ಳಿ ಹುಡುಗಿ, ನರ್ಸ್ ಆಗಿದ್ದುಕೊಂಡೇ ಮೇಲಿನ ಪದವಿಗೆ ಪ್ರಬಂಧ ಬರೆಯಲು ಹೊರಟಿದ್ದಳು. ಅಬ್ಲಾ ಪಾಠ ಮಾಡುತ್ತಿದ್ದಾಗ ಎದ್ದು ನಿಂತು ಕೇಳಿದಳು:

"ಅಬ್ಲಾ, ನನ್ನ ವಿಷಯಾನೇ ಇಟ್ಟು ತೋರಿಸ್ತೀರಾ? ಹಳ್ಳಿ ಹೆಂಗಸರಲ್ಲಿ ಗರ್ಭಕೋಶ ಜಾರೋದು."

ನಾನು ಆಗ ತಾನೇ ಅಬ್ಲಾಗೆ ಚಹಾ ಹಿಡಿದು ಮಹಡಿಗೆ ಹೋಗಿದ್ದೆ, ಬಾಗಿಲಲ್ಲೇ ನಿಂತೆ. ಹಿಂದೆ ಕೂತ ಗಂಡುಹುಡುಗರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಅಬ್ಲಾ ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಆಮೇಲೆ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡಿತು: ಹೆಂಗಸರ ದಣಿವು.

ಸಿಕ್ಕಿದ್ದೇನು? ಶಾಲಾ ಶಿಕ್ಷಕಿಯರ ಆಯಾಸ, ರಾತ್ರಿ ಪಾಳಿಯ ನರ್ಸುಗಳ ನಿದ್ದೆ, ಹತ್ತಿ ಬಿಡಿಸುವವರ ಬೆನ್ನುನೋವು.

"ಅದಲ್ಲ ಅಬ್ಲಾ," ಎಂದಳು ಶುರೂಕ್, ಪಾಪ, ಸಹಾಯ ಮಾಡುವವಳ ಹಾಗೆ. "ಗರ್ಭಕೋಶ..."

"ಕೇಳಿಸ್ತು ಕಣೆ, ನನಗೇನು ಕಿವುಡಾ?" ಎಂದು ಅಬ್ಲಾ ಮತ್ತೆ ಟೈಪ್ ಮಾಡಿದರು: ಹೆಂಗಸರ ಒಳಗಿನ ದಣಿವು. ಈ ಸಲ ಏನೂ ಸಿಗಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ತಲೆಹರಟೆ ಅವರದೇ ದನಿಯಲ್ಲಿ, "ಪುಸ್ತಕಕ್ಕೆ ನಾಚಿಕೆ ಇಲ್ಲ!" ಎಂದ. ಇಡೀ ಹಾಲ್ ನಕ್ಕಿತು. ಶುರೂಕ್ ಕೂಡ ನಕ್ಕಳು. ಅಬ್ಲಾ ಕೆಂಪಾದರು, ಆಮೇಲೆ ಬೆಳ್ಳಗಾದರು. ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನುವ ಮುಖ. ಇವತ್ತಿಗೆ ಸಾಕು ಎಂದು ಪರದೆ ಆರಿಸಿಬಿಟ್ಟರು.

ಕೆಳಗೆ ಬಂದ ಮೇಲೂ ಶುರೂಕ್ ಬಿಡಲಿಲ್ಲ. ಅವರ ಮೇಜಿನ ಮುಂದೆ ನಿಂತು, "ನಮ್ಮ ಜಿಲ್ಲೆಯಲ್ಲಿ ಯಾರಾದ್ರೂ ಮೊದಲು ಇದನ್ನ ಮಾಡಿದ್ದಾರಾ ಅಬ್ಲಾ? ಒಂದು ಇದ್ರೂ ನಮ್ಮ ಗೈಡ್ ಮೇಡಂ ಒಪ್ಕೋತಾರೆ. ಇಲ್ಲದಿದ್ರೆ ಹೆಂಗಸರು ಬಾಯಿ ಬಿಡಲ್ಲ, ವಿಷಯ ಬದಲಿಸು ಅಂತಾರೆ" ಎಂದಳು.

"ಇಲ್ಲ. ನಮ್ಮಲ್ಲಿ ಏನೂ ಇಲ್ಲ," ಎಂದರು ಅಬ್ಲಾ. ಹುಡುಕಲಿಲ್ಲ, ಕಂಪ್ಯೂಟರಿನ ಕಡೆ ತಿರುಗಲೂ ಇಲ್ಲ.

ನನಗೆ ಅದು ಸರಿ ಕಾಣಲಿಲ್ಲ. ಕೇಳಿಯೇಬಿಡೋಣ ಎಂದು ಅವರ ಹಿಂದೆ ಬಚ್ಚಲಿಗೆ ಹೋದೆ. ಅಬ್ಲಾ ಲಂಗದ ಅಂಚನ್ನು ನಲ್ಲಿಗೆ ಹಿಡಿದು ಉಜ್ಜುತ್ತಿದ್ದರು. ನನ್ನನ್ನು ಕಂಡು ಚಹಾ ಚೆಲ್ಲಿತು ಎಂದರು. ಚಹಾದ ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು, ತಣ್ಣಗಾಗಿ.

ಇಬ್ಬರೂ ಲೋಟ ನೋಡಿದೆವು. ಅಬ್ಲಾ ಲಂಗ ಬಿಟ್ಟರು. "ಬಾಗಿಲು ಹಾಕು," ಎಂದರು. ಆಮೇಲೆ ಹೇಳಿದರು, ಎಲ್ಲವನ್ನೂ, ನಲ್ಲಿ ಬಿಟ್ಟುಕೊಂಡೇ, ಹೊರಗಿನವರಿಗೆ ಕೇಳದ ಹಾಗೆ.

"ಲುತ್ಫಿ ಕರೀತಾನೆ. ಹೇಗೆ ಹೋಗ್ಲಿ ಹೇಳು? ಅಂಥ ಜಾಗದಲ್ಲಿ, ಕಾಬಾ ಮುಂದೆ, ನನ್ನಿಂದ ನೆಲ ಒದ್ದೆ ಆದ್ರೆ? ಜನ ನೋಡೋದಿರಲಿ. ದೇವರಿಗೆ ಹೇಗೆ ಮುಖ ತೋರಿಸ್ಲಿ?"

"ಡಾಕ್ಟರಿಗೆ ತೋರಿಸಿದ್ರಾ?"

"ಏನಂತ ಹೇಳ್ಲಿ?"

"ಮಸೀದಿ ಶೇಖ್‌ನ ಕೇಳಿದ್ರಾ, ಬಟ್ಟೆ ಒದ್ದೆಯಾಗಿ ಶುದ್ಧಿ ಕೆಟ್ರೆ ನಮಾಜು ಹೇಗೆ ಅಂತ?"

"ಗಂಡಸರ ಹತ್ರ ಹೋಗಿ ಇದನ್ನ ಕೇಳೋದಾ? ನಿನಗೇನು ಹುಚ್ಚಾ?"

"ಹಾಗಾದ್ರೆ ಹುಡುಕೋಣ," ಎಂದೆ. "ಅದಾದ್ರೂ ನಿಮಗೆ ಬರುತ್ತಲ್ಲ."

ಎಲ್ಲರೂ ಮನೆಗೆ ಹೋದ ಮೇಲೆ, ಬಿಸಿಲಿರುವಾಗಲೇ, ಇಬ್ಬರೂ ಅವರ ಕಂಪ್ಯೂಟರಿನ ಮುಂದೆ ಕೂತೆವು. ಮೊದಲು ಹಳೆಯ ಧರ್ಮಶಾಸ್ತ್ರದ ಪುಸ್ತಕಗಳಲ್ಲಿ ನೋಡಿದೆವು. ಮೂತ್ರ ಸೋರುವುದು ಎಂದು ನಾನೇ ಬಡಿದೆ. ಅಬ್ಲಾ ಕಣ್ಣು ಮುಚ್ಚಿಕೊಂಡರು. ಸಾಲು ಸಾಲಾಗಿ ಬಂತು. ಪ್ರತಿ ನಮಾಜಿಗೂ ಹೊಸದಾಗಿ ಕೈಕಾಲು ತೊಳೆದು ನಿಲ್ಲಬೇಕು, ಆಮೇಲೆ ಆಗುವುದು ಅವರ ಕೈಯಲ್ಲಿಲ್ಲ, ಅದು ಮಾಫಿ. ಎಂದೋ ಬದುಕಿದ್ದ ಗಡ್ಡದ ಶೇಖ್‌ಗಳು ಅದನ್ನು ಅದರ ಹೆಸರು ಹಿಡಿದೇ ಕರೆದು, ಪುಟಗಟ್ಟಲೆ ಚರ್ಚಿಸಿ, ಪರಿಹಾರವನ್ನೂ ಬರೆದಿಟ್ಟು ಹೋಗಿದ್ದರು. ಗಂಡಸರನ್ನು ಹೇಗೆ ಕೇಳುವುದು ಎಂದು ಇವರು ಇಲ್ಲಿ ಅತ್ತರು ಸುರಿದುಕೊಂಡು ಕೂತಿದ್ದರು.

"ಈಗ ಇನ್ನೊಂದು," ಎಂದೆ. "ಇದನ್ನ ನೀವೇ ಟೈಪ್ ಮಾಡಿ."

"ನೀನೇ ಮಾಡು."

"ಮಾಡಲ್ಲ. ಎಷ್ಟು ಹುಡುಗೀರನ್ನ ಗೋಡೆ ಮುಂದೆ ನಿಲ್ಲಿಸಿ ಬರೆಸಿದ್ದೀರಿ? ಇಲ್ಲಿ ಗೋಡೆಯೂ ಇಲ್ಲ, ನಾನೊಬ್ಬಳೇ ಇದ್ದೀನಿ."

ಒರಟಾಗಿಯೇ ಹೇಳಿದೆ. ಅವರು ನನ್ನನ್ನು ದುರುಗುಟ್ಟಿ ನೋಡಿ, ಒಂದೊಂದೇ ಅಕ್ಷರ ಒತ್ತಿದರು. ಗರ್ಭಕೋಶ. ಜಾರುವುದು. ಒತ್ತಿದ ಮೇಲೆ ಕೈಯನ್ನು ಮಡಿಲಿಗೆ ಎಳೆದುಕೊಂಡರು, ಬಿಸಿ ತಾಕಿದವರ ಹಾಗೆ.

ರಾಶಿ ಬಂತು. ಆಗ ಅವರೊಳಗಿನ ಹಳೆಯ ಅಬ್ಲಾ ಎದ್ದು ಕೂತರು. 'ಅಥವಾ' ಹಾಕಿ ಡಾಕ್ಟರುಗಳು ಅದಕ್ಕೆ ಇಟ್ಟ ಹೆಸರನ್ನು ಸೇರಿಸಿದರು, 'ಮತ್ತು' ಹಾಕಿ ದಮ್ಯಾತ್ ಎಂದರು. ಮನ್ಸೂರಾದ ಒಂದು ಪತ್ರಿಕೆಯ ಲೇಖನ ಒಂದೇ ಉಳಿಯಿತು. ಅದರ ಕೊನೆಯ ಪುಟಕ್ಕೆ ಹೋಗಿ, ಬರೆದವರು ಏನೇನು ಓದಿದ್ದಾರೆ ಎಂದು ಬೆರಳಿಟ್ಟು ನೋಡುತ್ತ ಬಂದರು. ಬೆರಳು ಒಂದು ಕಡೆ ನಿಂತಿತು. 'ಹೆರಿಗೆಯ ನಂತರ ಹಳ್ಳಿ ಹೆಂಗಸರ ಕೆಲವು ಸಮಸ್ಯೆಗಳು'. ಬಸೀಮಾ ಎಂಬ ನರ್ಸಿನ ಪ್ರಬಂಧ. ಪ್ರತಿ ಇರುವ ಸ್ಥಳ ನಮ್ಮದೇ ಲೈಬ್ರರಿ.

"ನಮ್ಮಲ್ಲಿದೆಯಾ!" ಎಂದು ನಾನು ಕುಣಿದಾಡುವುದೊಂದೇ ಬಾಕಿ. ಅಬ್ಲಾ ಅಲುಗಾಡಲಿಲ್ಲ. ನಾನು ಒಳಗಿನ ಕಪಾಟಿನಿಂದ ಅದನ್ನು ತರುವಷ್ಟರಲ್ಲಿ ಅವರು ನಮ್ಮ ಕಂಪ್ಯೂಟರಿನಲ್ಲಿ ಆ ಪ್ರಬಂಧದ ವಿವರವನ್ನು ತೆರೆದಿದ್ದರು. ವಿಷಯಪದ ಎನ್ನುವ ಜಾಗದಲ್ಲಿ ಇದ್ದದ್ದು ಇಷ್ಟೇ: ಹೆಂಗಸರು, ಸಾಮಾನ್ಯ ಆರೋಗ್ಯ. ತುಂಬಿದವರು ಅಬ್ಲಾ.

"ಆ ಬಸೀಮಾ ಇಲ್ಲೇ ನಿಂತಿದ್ಲು ವಿದಾದ್," ಎಂದರು, ಪರದೆಯ ಮೇಲಿಂದ ಕಣ್ಣು ತೆಗೆಯದೆ. "'ಶೀರ್ಷಿಕೆಯಲ್ಲಿ ಆ ಪದ ಹಾಕೋಕೆ ನಮ್ಮ ಸರ್ ಬಿಡಲಿಲ್ಲ. ವಿಷಯಪದದಲ್ಲಾದ್ರೂ ಹಾಕಿ ಅಬ್ಲಾ, ಇಲ್ಲಾಂದ್ರೆ ಯಾರಿಗೂ ಸಿಗಲ್ಲ' ಅಂತ ಕೇಳ್ಕೊಂಡ್ಲು. ನಾನೇನಂದೆ ಗೊತ್ತಾ? 'ಇಲ್ಲಿ ಗಂಡುಹುಡುಗರೂ ಬರ್ತಾರೆ' ಅಂದೆ. ಪುಸ್ತಕ ತೆರೆದೂ ನೋಡಲಿಲ್ಲ. ಅದನ್ನ ಮುಟ್ಟಿದ್ರೆ ನನ್ನ ವಿಷಯ ಯಾರಿಗಾದ್ರೂ ಗೊತ್ತಾಗುತ್ತೆ ಅಂತ ಭಯ ಆಗಿತ್ತು."

ಅವತ್ತು ತೆರೆದರು. ಹಳ್ಳಿಯ ಹೆಂಗಸರು ಬಸೀಮಾಳ ಮುಂದೆ ಹೇಳಿಕೊಂಡದ್ದು ಅದರಲ್ಲಿತ್ತು. ಒಬ್ಬಳು ನೆಂಟರ ಮನೆಯ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಒಬ್ಬಳು ಗಂಡನ ಹಾಸಿಗೆಯಿಂದ ದೂರ ಮಲಗುತ್ತಿದ್ದಳು. ಮಾತಾಡಿಸಿದವರಲ್ಲಿ ಅರ್ಧದಷ್ಟು ಹೆಂಗಸರಿಗೆ ಈ ತೊಂದರೆ ಇತ್ತು, ಪ್ರತಿಯೊಬ್ಬಳೂ ಇದು ತನಗೊಬ್ಬಳಿಗೇ ಎಂದುಕೊಂಡಿದ್ದಳು. ಕೊನೆಯ ಅಧ್ಯಾಯದಲ್ಲಿ ಪರಿಹಾರವೂ ಇತ್ತು. ಅಬ್ಲಾ ಓದಿದರು, ಮುಚ್ಚಿದರು, ಹಣೆಯನ್ನು ಆ ರಟ್ಟಿನ ಮೇಲೆ ಇಟ್ಟು ಕೂತರು. ತಮ್ಮ ಕಾಯಿಲೆಗೆ ಅವರು ಇಷ್ಟು ನಾಚಿದ್ದನ್ನು ನಾನು ಕಂಡಿರಲಿಲ್ಲ. ಈ ಪ್ರಬಂಧವನ್ನು ಯಾರಿಗೂ ಸಿಗದ ಹಾಗೆ ಮಾಡಿದ್ದಕ್ಕೆ ನಾಚಿದರು.

ಮಾರನೆಯ ದಿನ ಹೆಂಗಸರ ಡಾಕ್ಟರ್ ಮಾರ್ತಾ ಹತ್ತಿರ ನಾನೇ ಎಳೆದುಕೊಂಡು ಹೋದೆ. ಏನು ತೊಂದರೆ ಎಂದು ಕೇಳಿದರೆ ನಮ್ಮ ಅಬ್ಲಾ, "ಸ್ವಲ್ಪ ದಣಿವು" ಎಂದರು! ನಾನು ಹಿಂದಿನಿಂದ ಚಿವುಟಿದೆ.

"ದಣಿವಾದ್ರೆ ಮನೇಲಿ ಮಲಗಿ ತಾಯಿ, ನನ್ನ ಹತ್ರ ಯಾಕೆ ಬಂದ್ರಿ?" ಎಂದರು ಡಾಕ್ಟರ್.

ಆಗ ಹೇಳಿದರು. ಪಿಸುಗುಟ್ಟಿದರು ಎನ್ನಬೇಕು. ಡಾಕ್ಟರಿಗೆ ಅದೇನೂ ಹೊಸದಲ್ಲ. ಪರದೆಯ ಹಿಂದೆ ಕರೆದೊಯ್ದು, ಅಳತೆ ನೋಡಿ, ಬಳೆಯಂಥ ಒಂದು ಮೆತ್ತನೆಯ ರಬ್ಬರ್ ಉಂಗುರವನ್ನು ಒಳಗೆ ಕೂರಿಸಿದರು, ಗರ್ಭಕೋಶ ಜಾರದ ಹಾಗೆ. ಹೊರಗೆ ನಾನು ಚೀಲದಿಂದ ಕಡಲೆ ತೆಗೆದು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮುಗಿದಿತ್ತು.

"ಎದ್ದು ನಡೀರಿ. ಕೆಮ್ಮಿ ನೋಡೋಣ."

ಅಬ್ಲಾ ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. "ಇಷ್ಟೇನಾ?" ಎಂದರು.

"ಇಷ್ಟೇ. ಆಗಾಗ ಬಂದು ತೋರಿಸಿ, ಬದಲಾಯಿಸ್ಬೇಕು."

"ಇಷ್ಟೇನಾ ಡಾಕ್ಟರ್?" ಎಂದು ಮತ್ತೆ ಕೇಳಿದ ಅಬ್ಲಾ ಅಲ್ಲೇ ಅಳತೊಡಗಿದರು. ಡಾಕ್ಟರ್ ನೋವಾಯಿತೇನೋ ಎಂದು ಗಾಬರಿಯಾದರು. ಆ ಅಳು ನೋವಿನದಲ್ಲ, ಸಂತೋಷದ್ದಂತೂ ಅಲ್ಲವೇ ಅಲ್ಲ. ಮಗ ಈಗ ಪೋರ್ಟ್ ಸಯೀದ್‌ನಲ್ಲಿ ಎರಡು ಮಕ್ಕಳ ತಂದೆ. ಅವನು ತೊಟ್ಟಿಲಲ್ಲಿದ್ದಾಗಿನಿಂದ ಇವತ್ತಿನವರೆಗಿನ ಅಷ್ಟೂ ವರ್ಷಗಳು ಅವರ ಮುಖಕ್ಕೆ ಹೊಡೆದಿದ್ದವು.

ಅಲ್ಲಿಂದ ನೇರ ಲೈಬ್ರರಿಗೆ ಬಂದರು. ಬಸೀಮಾಳ ಪ್ರಬಂಧದ ವಿವರ ತೆರೆದು, ವಿಷಯಪದದ ಜಾಗದಲ್ಲಿ ಆ ಪದ ಹಾಕಿದರು. ಡಾಕ್ಟರುಗಳು ಕರೆಯುವ ಹೆಸರು, ಪುಸ್ತಕಗಳಲ್ಲಿರುವ ಹೆಸರು, ಕೊನೆಗೆ ಹೆಂಗಸರ ದಣಿವು ಎಂಬುದನ್ನೂ ಸೇರಿಸಿದರು, ಅತ್ತೆಯಂಥವರು ಹುಡುಕಿದರೂ ಸಿಗಲಿ ಎಂದು. ಆಮೇಲೆ ಶುರೂಕ್‌ಗೆ ಹೇಳಿ ಕಳಿಸಿದರು.

ಹುಡುಗಿ ಬಂದವಳೇ ಪ್ರಬಂಧ ಕೈಗೆತ್ತಿಕೊಂಡು ನಿಂತಲ್ಲೇ ಪುಟ ತಿರುವಿದಳು. ಅವಳ ಕಣ್ಣು ಅರಳಿದ್ದು ನನಗೆ ಕಾಣಿಸಿತು.

"ಇದು ಹೊಸದಾಗಿ ಬಂತಾ ಅಬ್ಲಾ?"

ಬಂತು ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನಾದರೆ ಹಾಗೇ ಹೇಳಿಬಿಡುತ್ತಿದ್ದೆ.

"ಇಲ್ಲ," ಎಂದರು ಅಬ್ಲಾ. "ನೀನು ಶಾಲೆಗೆ ಹೋಗ್ತಿದ್ದಾಗಿನಿಂದ ಇಲ್ಲೇ ಇದೆ. ಇದಕ್ಕೆ ಇದರ ಹೆಸರು ಕೊಡೋಕೆ ನಾಚಿಕೊಂಡು ನಾನೇ ಸಿಗದ ಹಾಗೆ ಇಟ್ಟಿದ್ದೆ. ಆ ತೊಂದರೆ ನನಗೂ ಇದೆ ಮಗಳೇ. ನಿನ್ನೆ ನೀನು ಕೇಳಿದಾಗ ಹುಡುಕದೇನೇ ಇಲ್ಲ ಅಂದೆ."

ಶುರೂಕ್ ಪುಸ್ತಕ ಮುಚ್ಚಿದಳು. ಬೈಯುತ್ತಾಳೇನೋ ಎಂದುಕೊಂಡೆ. ಬೈದಿದ್ದರೆ ಅಬ್ಲಾಗೆ ಹಗುರವಾಗುತ್ತಿತ್ತು.

"ನಾನು ವಿಷಯ ಬದಲಿಸ್ಬಿಟ್ಟೆ ಅಬ್ಲಾ," ಎಂದಳು ಮೆಲ್ಲಗೆ. "ಹಾಸಿಗೆ ಹಿಡಿದವರ ಬೆನ್ನುಹುಣ್ಣು. ಮೇಡಂ ಇವತ್ತು ಬೆಳಗ್ಗೆ ಸಹಿ ಹಾಕಿದ್ರು."

ಅಬ್ಲಾ ಅವತ್ತೇ ಆ ಮೇಡಂ ಹತ್ತಿರ ಹೋಗಿ ಬೇಡಿಕೊಂಡರು. ತಪ್ಪು ಲೈಬ್ರರಿಯದು, ನನ್ನದು, ಹುಡುಗಿಯದಲ್ಲ ಎಂದರು. ದಾಖಲಾದದ್ದು ದಾಖಲಾಯಿತು ಎಂದು ಆಯಮ್ಮ ಕಡ್ಡಿ ಮುರಿದಂತೆ ಹೇಳಿ ಕಳಿಸಿದಳು. ವಾಪಸು ಬಂದು ವಿಷಯ ತಿಳಿಸಿದಾಗ ಶುರೂಕ್, "ಪರವಾಗಿಲ್ಲ ಅಬ್ಲಾ" ಎಂದಳು, ದೊಡ್ಡವರಿಗೆ ಹೇಳುವ ಹಾಗೆ. ಆ ಪ್ರಬಂಧವನ್ನು ಮಾತ್ರ ಎರಡು ದಿನಕ್ಕೆ ಮನೆಗೆ ಒಯ್ಯಬಹುದೇ ಎಂದು ಕೇಳಿದಳು. ಅಮ್ಮನಿಗೆ ಓದಿ ಹೇಳಬೇಕಿತ್ತಂತೆ. ಪ್ರಬಂಧಗಳನ್ನು ನಾವು ಹೊರಗೆ ಕೊಡುವುದಿಲ್ಲ. ಅಬ್ಲಾ ನನ್ನ ಮುಖ ನೋಡಿದರು, ನಾನು ಕೊಟ್ಟೆ.

ರಂಜಾನಿಗೆ ಮುಂಚಿನ ಶಾಬಾನ್ ತಿಂಗಳಲ್ಲಿ ಅವರು ಜಿದ್ದಾಕ್ಕೆ ಹೋಗಿ ಉಮ್ರಾ ಮುಗಿಸಿ ಬಂದರು. ಏನೂ ತೊಂದರೆಯಾಗಲಿಲ್ಲವಂತೆ, ಜನರ ನಡುವೆ ನಿಂತು ಎಲ್ಲರಂತೆ ನಮಾಜು ಮಾಡಿದರಂತೆ. ಅವರ ಮನೆಗೆ ನಾವೆಲ್ಲ ನೋಡಲು ಹೋದೆವು. ಮಕ್ಕಾದ ಜಮ್‌ಜಮ್ ಬಾವಿಯ ನೀರು ಕೊಟ್ಟರು, ಖರ್ಜೂರ ಕೊಟ್ಟರು, ಒಬ್ಬೊಬ್ಬರಿಗೂ ಒಂದು ಜಪಸರ ಕೊಟ್ಟರು. ಉಳಿದವರು ಹೊರಟ ಮೇಲೆ ನಾನು ಲೋಟಗಳನ್ನು ಒಟ್ಟುಮಾಡುತ್ತ, "ಅಲ್ಲಿ ನಿಂತು ಏನು ಬೇಡ್ಕೊಂಡ್ರಿ ಹೇಳಿ, ನನಗೂ ಸ್ವಲ್ಪ ಕೇಳಿದ್ರೋ ಇಲ್ವೋ?" ಎಂದು ಛೇಡಿಸಿದೆ.

ಅಬ್ಲಾ ನಗಲಿಲ್ಲ.

"ಕೇಳ್ಬೇಕು ಅಂತಾನೇ ಹೋಗಿದ್ದೆ. ನಿನಗೆ, ಮಗನಿಗೆ, ಲುತ್ಫಿಗೆ, ಎಲ್ಲರಿಗೂ. ಕಾಬಾ ಕಂಡಾಗ ಕಣ್ಣ ಮುಂದೆ ಬಂದವರು ಬೇರೆಯವರು. ನನ್ನ ಮೇಜಿನ ಹತ್ರ ಬಂದು, ಸುತ್ತಮುತ್ತ ನೋಡಿ, ದನಿ ತಗ್ಗಿಸಿ, ಹೆಂಗಸರ 'ಆ ತೊಂದರೆ' ಮೇಲೆ ಏನಾದ್ರೂ ಇದೆಯಾ ಅಬ್ಲಾ ಅಂತ ಕೇಳಿದ್ರಲ್ಲ, ಅವರು. ಕೆಲವರು ಓದೋರೂ ಅಲ್ಲ ವಿದಾದ್. ಕೆಲಸದ ಹೆಂಗಸರು, ಮಕ್ಕಳನ್ನ ಕರ್ಕೊಂಡು ಬಂದ ತಾಯಂದಿರು. ಎಲ್ಲರಿಗೂ ಇಲ್ಲ ಅಂತಾನೇ ಹೇಳಿ ಕಳಿಸ್ದೆ. ಒಂದೊಂದು ಮುಖಾನೂ ನೆನಪಿದೆ. ಹೆಸರು ಒಂದೂ ಗೊತ್ತಿಲ್ಲ. ಅವರನ್ನೆಲ್ಲ ಈಗ ಎಲ್ಲಿ ಅಂತ ಹುಡುಕ್ಲಿ?"